ಅರುವತ್ತೆಂಟು ದಿನ ಎಂಗೊ ಇಬ್ರೇ

ಯುರೋಪಿಂಗೆ ಹೋಗಿ ಬಂದವರತ್ರೆ ನಮ್ಮ ಊರಿಲಿ ಕೇಳುವ ಪ್ರಶ್ನೆಗೊ ಮೂರೇ ಮೂರು. ಎಷ್ಟು ಪೈಸೆ ಆತು, ಊಟಕ್ಕೆ ಎಂತ ಮಾಡಿದಿ, ಚಳಿ ಹೇಂಗೆ ಇತ್ತು. ಎನಗೆ ಮಾತ್ರ ನಾಲ್ಕನೇದು ಒಂದು ಬಂತು. "ಅರುವತ್ತೆಂಟು ದಿನ ನಿಂಗೊ ಇಬ್ರೇ ಇದ್ದುಗೊಂಡು ಎಂತ ಮಾತಾಡಿದಿ?" ಹೇಳಿ ಎನ್ನ ಅತ್ತಿಗೆ ನೆಗೆ ಮಾಡಿಗೊಂಡು ಕೇಳಿತ್ತು. ನಾಲ್ಕರಲ್ಲಿ ಅದೇ ಸರಿಯಾದ ಪ್ರಶ್ನೆ ಹೇಳಿ ಎನಗೆ ಕಂಡತ್ತು.

ಎಂಗಳ ಮದುವೆ ಆಗಿ 31 ವರ್ಷ. ಅಷ್ಟು ವರ್ಷಲ್ಲಿ ಎಂಗೊ ಇಬ್ರೇ ಮನೆ ಬಿಟ್ಟು ನಿಂದದು ಹೆಚ್ಚು ಹೇಳಿರೆ ಮೂರು ದಿನ. ಮನೆಲಿ ಅತ್ತೆ ಮಾವ, ಹಟ್ಟಿಲಿ ದನಗೊ, ತೋಟಲ್ಲಿ ಅಡಕ್ಕೆ. ಈಗ ಅತ್ತೆ ಮಾವ ಇಲ್ಲೆ, ದನಗಳ ಕೊಟ್ಟಾತು, ಮಗಳು ಜರ್ಮನಿಲಿ, ಮಗ ಬೆಂಗ್ಳೂರಿಲಿ. ಒಳುದ್ದು ತೋಟ ಮಾತ್ರ. ಅದರಲ್ಲಿಯೂ ಮೇಗಾಣ ಎರಡು ಎಕ್ರೆಗೆ ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು ಹೊಡೆಯವಕ್ಕೆ ಅದರ ವಿವರ್ಸಿ ಹೇಳೆಕ್ಕು ಹೇಳಿ ಇಲ್ಲೆ. ರಬ್ಬರ್ ಹಾಕುಲೆ ಹೇಳಿ ಹೆರಾಣವು ಒಬ್ಬರು ಇಡೀ ಜಾಗೆಯನ್ನೇ ಕ್ರಯಕ್ಕೆ ಕೇಳಿದ್ದವು. ಮಕ್ಕೊ ಇಬ್ರೂ "ಕೊಟ್ಟುಬಿಡಿ" ಹೇಳಿದವು. ಇವು ಎಂತದೂ ಹೇಳಿದ್ದವಿಲ್ಲೆ. "ಹೋಗಿ ಬಂದ ಮತ್ತೆ ನೋಡುವೊ" ಹೇಳಿ ಒಂದೇ ಮಾತು.

2023ರ ಸೆಪ್ಟೆಂಬರಿಲಿ, ಎರಡನೇ ಮದ್ದು ಬಿಟ್ಟಾದ ಮತ್ತೆ ಹೆರಟದು. ರೋಮಿಲಿ ಇಳುದು ತೆಂಕ ಇಟಲಿಗೆ, ಬಾರಿಂದ ಹಡಗಿಲಿ ಅಲ್ಬೇನಿಯಕ್ಕೆ, ಅಲ್ಲಿಂದ ಉತ್ತರ ಮೆಸಿಡೋನಿಯ, ಮಾಂಟೆನೆಗ್ರೊ, ಬೋಸ್ನಿಯ, ಅಕೇರಿಗೆ ಕ್ರೊಯೇಷಿಯ. ದಾರಿ ಹಾಕಿ ಕೊಟ್ಟದು ಮಗಳು. ಕ್ರೊಯೇಷಿಯಕ್ಕೆ ಆ ವರ್ಷದ ಜನವರಿ 1ಕ್ಕೆ ಯೂರೋ ಬಂದದು. ಮಾಂಟೆನೆಗ್ರೊ ಯುರೋಪಿಯನ್ ಯೂನಿಯನಿಲಿ ಇಲ್ಲೆ, ಆದರೂ ಅಲ್ಲಿ ಯೂರೋವೇ ನಡೆತ್ತು. ಅಲ್ಬೇನಿಯಲ್ಲಿ ಲೆಕ್, ಮೆಸಿಡೋನಿಯಲ್ಲಿ ದೆನಾರ್, ಬೋಸ್ನಿಯಲ್ಲಿ ಮಾರ್ಕ್. ಹಾಂಗಾಗಿ ಎನ್ನ ಬೇಗಿಲಿ ನಾಲ್ಕು ಬಣ್ಣದ ನಾಲ್ಕು ಸಣ್ಣ ಸಂಚಿ. ಪೈಸೆಯ ಲೆಕ್ಕ ಎನ್ನತ್ರೆ, ಬಸ್ಸಿನ ಲೆಕ್ಕ ಇವರತ್ರೆ ಹೇಳಿ ರೋಮಿಲಿಯೇ ಪಾಲು ಮಾಡಿಗೊಂಡೆಯೊ.

ಈಗ ಊಟದ ಸಂಗತಿ. ಆನು ಊರಿಂದ ಕೊಂಡೋದ್ದು ಅವಲಕ್ಕಿ, ಸಾರಿನ ಹೊಡಿ, ಹಪ್ಪಳ, ಮೆಡಿ ಉಪ್ಪಿನಕಾಯಿ. ಅಡಿಗೆಕೋಣೆ ಇಪ್ಪ ರೂಮನ್ನೇ ಹಿಡುದ ಕಾರಣ ದಿನಕ್ಕೆ ಒಂದು ಹೊತ್ತು ಮನೆ ಊಟವೇ. ಆದರೆ ಹೆರ ಸಿಕ್ಕುವದೂ ರಜ್ಜ ಅಲ್ಲ. ಪುಲಿಯಾಲ್ಲಿ ಒಣ ಅವರೆಬೇಳೆಯ ಹಾಂಗಿಪ್ಪ ಬೇಳೆಯ ಬೇಶಿ, ಮಸದು, ಬದಿಲಿ ರಜ್ಜ ಕೈಕ್ಕೆ ಇಪ್ಪ ಸೊಪ್ಪಿನ ತಾಳು ಮಡುಗಿ ಕೊಡ್ತವು. ಮೇಲಂದ ಆಲಿವ್ ಎಣ್ಣೆ. ಬಡವರ ಊಟ ಹೇಳಿ ಅವ್ವೇ ಹೇಳ್ತವು. ಎನಗೆ ತೊವ್ವೆಯೂ ಹರಿವೆ ತಾಳೂ ಒಟ್ಟಿಂಗೆ ಉಂಡಾಂಗೆ ಆತು. ಕಿವಿ ಹಾಂಗಿಪ್ಪ ಪಾಸ್ತಾ ತೆಕ್ಕೊಂಬಗ ಮಾತ್ರ ಮೀನು ಇದ್ದೋ ಕೇಳಿಗೊಳ್ಳೆಕ್ಕು. ಸೊಪ್ಪಿನ ಒಟ್ಟಿಂಗೆ ಸಣ್ಣ ಮೀನು ಹಾಕುವ ಕ್ರಮ ಇದ್ದು. ಬೋಸ್ನಿಯಲ್ಲಿ "ಬುರೆಕ್" ಹೇಳಿರೆ ಮಾಂಸದ್ದೇ. ಸೊಪ್ಪಿಂದಕ್ಕೆ ಜೆಲ್ಯಾನಿತ್ಸ, ಬಟಾಟೆದಕ್ಕೆ ಕ್ರೊಂಪಿರುಷ ಹೇಳಿ ಹೆಸರು ಬೇರೆಯೇ. ಈ ಎರಡು ಶಬ್ದ ಬಾಯಿಪಾಠ ಮಾಡಿರೆ ಸಸ್ಯಾಹಾರಿಗೊಕ್ಕೆ ಸರಾಯೆವೊಲ್ಲಿ ಹಶು ಇಲ್ಲೆ.

ಮಾತೇರಲ್ಲಿ ನಾಲ್ಕು ದಿನ ನಿಂದೆಯೊ. ಇಡೀ ಊರೇ ಕಲ್ಲಿಲಿ ಕೊರದ ಗುಹೆಗೊ. ಜೆನವೂ ಕತ್ತೆಯೂ ಕೋಳಿಯೂ ಒಂದೇ ಗುಹೆಲಿ ಬದ್ಕಿಗೊಂಡಿತ್ತಿದ್ದವು. ಅದು ದೇಶಕ್ಕೇ ನಾಚಿಕೆ ಹೇಳಿ 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜೆನರ ಹೊಸ ಮನೆಗೊಕ್ಕೆ ಕಳುಸಿದವು. 1993ರಲ್ಲಿ ಅದೇ ಗುಹೆಗೊ ಯುನೆಸ್ಕೊ ಪಟ್ಟಿಗೆ ಸೇರಿತ್ತು. ಈಗ ಅಲ್ಲಿ ಒಂದು ಇರುಳು ಒರಗೆಕ್ಕಾರೆ ಜೋರು ಪೈಸೆ ಕೊಡೆಕ್ಕು. ಇವು ನೋಡಿದ್ದು ಅದರ ಯಾವದನ್ನೂ ಅಲ್ಲ. ಪೇಟೆಯ ದೊಡ್ಡ ಚೌಕದ ಅಡಿಲಿ ಕಲ್ಲು ಕೊರದು ಮಾಡಿದ ಮಳೆನೀರಿನ ಟೇಂಕಿ ಇದ್ದು. ಒಳ ಇಳುದು ಹೋಪಲೆ ಆವುತ್ತು. ಗೋಡೆಯ ಗಾರೆಯ ಕೈಲಿ ಮುಟ್ಟಿ ನೋಡಿ, "ಸುರಂಗ ಕೊರದ ಅಜ್ಜಂದ್ರಿಂಗೆ ಇದರ ತೋರ್ಸೆಕ್ಕಿತ್ತು" ಹೇಳಿದವು. ಎಂಗಳ ಗುಡ್ಡೆಲಿಯೂ ಎರಡು ಸುರಂಗ ಇದ್ದಿದಾ, ಒಂದರಲ್ಲಿ ಈಗಳೂ ಮೇ ತಿಂಗಳಿಲಿ ನೀರು ಬತ್ತು.

ಅಲ್ಲಿಂದ ಲೆಚ್ಚೆ. ಇಟಲಿಯ ನಕ್ಷೆಲಿ ಬೂಟ್ಸಿನ ಹಿಮ್ಮಡಿ ಕಾಣ್ತನ್ನೆ, ಅಲ್ಲಿ. ಬಸ್ಸಿನ ಕಿಟಿಕಿಂದ ನೋಡಿಗೊಂಡು ಇಪ್ಪಗ ಸುರುವಿಂಗೆ ಕಾಡಕಿಚ್ಚು ಬಿದ್ದದು ಹೇಳಿ ಗ್ರೇಶಿದೆ. ಮೈಲುಗಟ್ಲೆ ಆಲಿವ್ ಮರಂಗೊ ಬೂದಿ ಬಣ್ಣಕ್ಕೆ ನಿಂದಿತ್ತಿದ್ದವು. ಒಂದು ಎಲೆ ಇಲ್ಲೆ. ಅದು ಕಿಚ್ಚಲ್ಲ, ರೋಗ. ಕ್ಸೈಲೆಲ್ಲ ಹೇಳ್ತ ಬೇಕ್ಟೀರಿಯ. 2013ರಲ್ಲಿ ಗಲ್ಲಿಪೊಲಿ ಹತ್ರೆ ಸುರು ಕಂಡದು. ನೊರೆ ಉಗುಳುವ ಒಂದು ಸಣ್ಣ ಹುಳು ಒಂದು ಮರಂದ ಇನ್ನೊಂದಕ್ಕೆ ದಾಂಟುಸುತ್ತು. ಮರದ ಒಳ ನೀರು ಹೋಪ ನಾಳಂಗೊ ಕಟ್ಟುತ್ತು, ಮರ ಆಸರಾಗಿ ಸಾಯ್ತು. ಮದ್ದು ಇಲ್ಲೆ. ನೂರಾರು ವರ್ಷದ ಮರಂಗೊ ಲಕ್ಷಗಟ್ಲೆ ಹೋಯಿದು. ಎಂಗಳದ್ದು ಬೇರೆ ಜಾತಿಯ ಜೀವಿ, ಫೈಟೊಪ್ಲಾಸ್ಮ. ಆದರೆ ಸಂಗತಿ ಒಂದೇ. ಎಲೆ ಹಳದಿ ಅಪ್ಪದು, ಫಸಲು ಇಳಿವದು, ಮದ್ದು ಇಲ್ಲದ್ದದು.

ಎಂಗೊ ನಿಂದ ಮನೆಯ ಯೆಜಮಾನ್ರು ಎಪ್ಪತ್ತು ಕಳುದವು. ಎಂಗೊ ಅಡಕ್ಕೆ ಕೃಷಿಕರು ಹೇಳಿ ಗೊಂತಾದ್ದೇ, ಮರುದಿನ ಉದಿಯಪ್ಪಗ ಅವರ ಜಾಗೆಗೆ ಕರಕ್ಕೊಂಡು ಹೋದವು. ಹೋಪ ದಾರಿಲಿ ದ್ರಾಕ್ಷೆ ತೋಟ. ಎಲೆ ಮೇಲೆ ನೀಲಿ ಕಲೆ. ಎಂಗೊ ಇಬ್ರೂ ಒಟ್ಟಿಂಗೇ "ಮೈಲುತುತ್ತು!" ಹೇಳಿದೆಯೊ. ಕೊಳೆರೋಗಕ್ಕೆ ನಾವು ಬಿಡ್ತ ಬೋರ್ಡೋ ಮದ್ದು ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷೆಗೆ ಬೇಕಾಗಿ 1880ರ ದಶಕಲ್ಲಿ ಬಂದದು. ಅದರ ಹೆಸರು ಹೇಳಿ ಹೇಳಿ 30 ವರ್ಷ ಆಗಿತ್ತು, ದ್ರಾಕ್ಷೆಯ ಎಲೆಲಿ ಅದರ ಕಂಡದು ಅಂದೇ.

ಅವರ ಜಾಗೆಲಿ ಇನ್ನೂರರಷ್ಟು ಒಣಗಿದ ಮರ. ಕೆಲವರ ಕಡುದು ಬುಡಕ್ಕೆ ಬೇರೆ ಜಾತಿಯ ಕಸಿ ಕಟ್ಟಿದ್ದವು. ಲೆಚ್ಚೀನೊ ಹೇಳ್ತ ಜಾತಿ, ರಜ್ಜ ರೋಗ ತಡೆತ್ತು. ಹತ್ತರಲ್ಲಿ ಮೂರು ಹಿಡುದ್ದಡ. ಒಂದು ಹೊಡೆಲಿ ದಾಳಿಂಬೆ ಹಾಕಿದ್ದವು. ಇವು ಫೋನಿನ ಅನುವಾದಲ್ಲಿ ಕೇಳಿದವು: "ಒಣಗಿದ್ದರ ಎಂತಕೆ ಮಡುಗಿದ್ದಿ?" ಅವು ಹೇಳಿದವು: "ತೆಗವಲೆ ಕೂಲಿ ಹೆಚ್ಚು. ಮತ್ತೆ, ತೆಗದರೆ ಅಲ್ಲಿ ಎಂತ ನೋಡುದು?" ಇವು ತಲೆ ಆಡ್ಸಿದವು. ಆ ದಿನ ಹೊತ್ತೋಪಗ ಒರೆಗೆ ಬೇರೆ ಮಾತೇ ಇಲ್ಲೆ.

ಮಾತು ಬಂದದು ಹಡಗಿಲಿ. ಬಾರಿಂದ ದುರ್ರೆಸಿಂಗೆ ಇರುಳಿಡೀ ಹಡಗು. 1991ರ ಆಗಸ್ಟ್ 8ಕ್ಕೆ ಇದೇ ನೀರಿಲಿ, ಎಂಗೊ ಹೋದ್ದದರ ಎದುರು ದಿಕ್ಕಿಲಿ, ವ್ಲೋರ ಹೇಳ್ತ ಒಂದೇ ಹಡಗಿಲಿ ಸುಮಾರು 20,000 ಅಲ್ಬೇನಿಯದವು ಬಾರಿಗೆ ಬಂದಿಳುದ್ದವು. ಹೆಚ್ಚಿನವರ ವಾಪಾಸು ಕಳುಸಿದವು. ಆನು ಅದರ ಫೋನಿಲಿ ಓದಿ ಹೇಳಿಗೊಂಡಿತ್ತಿದ್ದೆ. ಇವು ನೀರನ್ನೇ ನೋಡಿಗೊಂಡು, "ಮೇಗಾಣ ತೋಟಕ್ಕೆ ಆನು ಹೋಗದ್ದೆ ನಾಲ್ಕು ವರ್ಷ ಆತು" ಹೇಳಿದವು. ಎನಗೆ ಅರ್ಥ ಆಯಿದಿಲ್ಲೆ. ದಿನಾಗಳೂ ಉದಿಯಪ್ಪಗ ತೋಟಕ್ಕೆ ಹೋವುತ್ತವನ್ನೆ! "ಸುರಂಗದ ಹೊಡೆಂದ ಸುತ್ತು ಹಾಕಿ ಕೆಳಾಣ ತೋಟಕ್ಕೆ ಹೋಪದು. ಆ ಹಳದಿ ನೋಡ್ಲೆ ಎಡಿತ್ತಿಲ್ಲೆ. ಮೇಲಾಣ ಅಡಕ್ಕೆ ಹೆರ್ಕುಸುದು ಆಳುಗಳತ್ರೇ." ಅಪ್ಪ ನೆಟ್ಟ ತೋಟ, ಎನ್ನ ಕೈಲಿ ಹೋತು ಹೇಳ್ತ ಮಾತು. ಅದರ ಅವು ಮಾವನ ಹತ್ರೆಯೂ ಹೇಳಿದ್ದವಿಲ್ಲೆ, ಎನ್ನತ್ರೆಯೂ ಹೇಳಿದ್ದವಿಲ್ಲೆ. ಒಂದೇ ಮನೆಲಿ ಇದ್ದುಗೊಂಡು ಎನಗೆ ಗೊಂತೇ ಇತ್ತಿಲ್ಲೆ. ಆನು ಎಂತ ಹೇಳುದು? ಚಳಿ ಗಾಳಿ ಇತ್ತು, ಎನ್ನ ಶಾಲು ಕೊಟ್ಟೆ, ಹೊದಕ್ಕೊಂಡವು.

ಅಲ್ಬೇನಿಯಲ್ಲಿ ಬಸ್ಸಿಂದ ಹೆಚ್ಚು ಫುರ್ಗೋನ್ ಹೇಳ್ತ ವೇನುಗೊ. ಜೆನ ತುಂಬಿದ ಮತ್ತೆಯೇ ಹೆರಡುದು, ನಮ್ಮ ಸರ್ವೀಸು ಜೀಪಿನ ಹಾಂಗೆ. ಹಳಬ್ಬರು "ಅಪ್ಪು" ಹೇಳ್ಲೆ ತಲೆಯ ಅತ್ತಿತ್ತೆ ಆಡ್ಸುತ್ತವು, "ಅಲ್ಲ" ಹೇಳ್ಲೆ ಮೇಲೆ ಕೆಳ. ಹೊತ್ತೋಪಗ ಇಡೀ ಪೇಟೆ ನಡವಲೆ ಹೆರಡ್ತು. ಜೀರೊ ಹೇಳಿ ಹೆಸರು. ಗೆಂಡ ಹೆಂಡತಿ ಬದಿಬದಿಲಿ, ಅಂಬೆರ್ಪು ಇಲ್ಲದ್ದೆ. ನಮ್ಮಲ್ಲಿ ಗೆಂಡುಮಕ್ಕೊ ನಾಲ್ಕು ಮಾರು ಮುಂದೆ ಅಲ್ಲದೋ. ಎರಡು ವಾರ ಅಲ್ಲಿ ಇಪ್ಪಗ ಇವಕ್ಕೂ ಬದಿಲಿ ನಡವದು ಅಭ್ಯಾಸ ಆತು. ಜಿರೊಕಾಸ್ತರಿನ ಕಲ್ಲಿನ ಮಾಡಿನ ಮನೆಗೊ ನೋಡ್ಲೆ ಭಾರೀ ಚೆಂದ. ಆದರೆ ಸುಮಾರು ಮನೆಗೊಕ್ಕೆ ಬೀಗ. ಮಕ್ಕೊ ಗ್ರೀಸಿಲಿ, ಇಟಲಿಲಿ. ಪಾಲುದಾರಿಕೆ ಮುಗಿಯದ್ದೆ ಮಾಡು ಕುಸುದು ಬಿದ್ದದೂ ಇದ್ದು. ಅಂದು ನಡಕ್ಕೊಂಡು ಹೋಪಗ ಸುರು ಮಾಡಿದ್ದು ಆನು. "ಕೊಡುದೋ ಮಡುಗುದೋ ಮತ್ತೆ ಹೇಳುವೊ. ಮದಾಲು, ಮೇಲಾಣ ಎರಡು ಎಕ್ರೆಲಿ ಅಡಕ್ಕೆ ಇನ್ನು ಬತ್ತಿಲ್ಲೆ ಹೇಳುದು ಅಪ್ಪೋ ಅಲ್ಲದೋ?" ಸುಮಾರು ದೂರ ನಡದ ಮತ್ತೆ "ಅಪ್ಪು" ಹೇಳಿದವು.

ಓಹ್ರಿದ್ ಕೆರೆಯ ಕರೆಲಿ ಹತ್ತು ದಿನ. ಅಕ್ಟೋಬರ್ ಅಲ್ಲಿ ಕೆಂಪು ಮೆಣಸಿನ ಕಾಲ. ಬೀದಿ ಇಡೀ ಸುಟ್ಟ ಮೆಣಸಿನ ಪರಿಮ್ಮಳ. ದೊಡ್ಡ ಖಾರ ಇಲ್ಲದ್ದ ಕೆಂಪು ಮೆಣಸಿನ ಸುಟ್ಟು, ಚೋಲಿ ತೆಗದು, ಕಡದು, ಎಣ್ಣೆ ಹಾಕಿ ಗಂಟೆಗಟ್ಲೆ ಕಾಸಿ ಕುಪ್ಪಿಲಿ ತುಂಬುಸಿ ಚಳಿಗಾಲಕ್ಕೆ ಮಡುಗುತ್ತವು. ಐವರ್ ಹೇಳಿ ಹೆಸರು. ಆಚಮನೆ ಈಚಮನೆ ಹೆಮ್ಮಕ್ಕೊ ಸೇರಿ ಮಾಡುದು, ನಾವು ಹಪ್ಪಳ ಮಾಡಿದಾಂಗೆ. ಆನುದೇ ಚೋಲಿ ತೆಗವಲೆ ಕೂದೆ. ಭಾಷೆ ಬೇಕಾತಿಲ್ಲೆ. ಅಲ್ಲಿಯೇ ಕೊಚಾನಿ ಹೇಳ್ತ ಊರಿಲಿ ಬೆಳದ ಅಕ್ಕಿ ಸಿಕ್ಕಿತ್ತು. ಅಶನಕ್ಕೆ ಐವರ್ ಕಲಸಿ, ಹಪ್ಪಳ ಸುಟ್ಟು ಉಂಡೆಯೊ.

ಸ್ಕೋಪ್ಯೆಲಿ ಹಳೇ ರೈಲ್ವೆ ಸ್ಟೇಷನಿನ ಗಡಿಯಾರ 5 ಗಂಟೆ 17 ನಿಮಿಷಕ್ಕೆ ನಿಂದಿದು. 1963ರ ಜುಲೈ 26ರ ಭೂಕಂಪ. ಸಾವಿರಕ್ಕಿಂತ ಹೆಚ್ಚು ಜೆನ ಹೋದವು. ಗಡಿಯಾರವ ಹಾಂಗೇ ಬಿಟ್ಟಿದವು, ಊರಿನ ಬೇರೆ ಕಟ್ಟಿದವು. ಮೊಸ್ತಾರಿಲಿ ಅದರ ತಿರುಗಿಸಿದ್ದು. 1566ರ ಕಲ್ಲಿನ ಸಂಕ 1993ರ ನವೆಂಬರ್ 9ಕ್ಕೆ ಗುಂಡು ಬಿದ್ದು ನೀರಿಂಗೆ ಹೋತು. 2004ರಲ್ಲಿ ಮದಲಾಣ ಹಾಂಗೆಯೇ ಪುನಾ ಕಟ್ಟಿದವು. ಸರಾಯೆವೊಲ್ಲಿ 1425 ದಿನ ಮುತ್ತಿಗೆ. ವಿಮಾನ ನಿಲ್ದಾಣದ ಅಡಿಲಿ 1993ರಲ್ಲಿ ಸುಮಾರು 800 ಮೀಟರ್ ಸುರಂಗ ತೋಡಿ ಅಕ್ಕಿ, ಮದ್ದು, ಜೆನ ಎಲ್ಲ ಅದರಲ್ಲೇ ಸಾಗ್ಸಿದ್ದು. ಅದರ ಬಾಯಿ ಇಪ್ಪದು ಒಂದು ಮನೆಯ ಅಡಿಲಿ. ಆ ಮನೆ ಈಗ ಮ್ಯೂಸಿಯಂ, ಗೋಡೆಲಿ ಗುಂಡಿನ ಒಟ್ಟೆಗೊ ಹಾಂಗೇ ಇದ್ದು. ಇವು ಬಗ್ಗಿ ಒಳ ಹೋಗಿ ಬಂದು, "ಎಂಗಳದ್ದು ಎರಡು ಎಕ್ರೆ ಅಡಕ್ಕೆ" ಹೇಳಿದವು. ಅಷ್ಟೇ ಹೇಳಿದ್ದು.

ಅಂದು ಹೊತ್ತೋಪಗ ತಾಮ್ರದ ಸಣ್ಣ ಪಾತ್ರಲ್ಲಿ ಕೊಡ್ತ ಬೋಸ್ನಿಯದ ಕಾಪಿ ಕುಡ್ಕೊಂಡು, ಬಸ್ಸಿನ ಟಿಕೇಟಿನ ಹಿಂದೆ ಲೆಕ್ಕ ಬರದೆಯೊ. ಕೊಡುದಿಲ್ಲೆ. ಕೆಳಾಣ ತೋಟ ಅಡಕ್ಕೆಯೇ. ಮೇಲೆ ಒಣಗಿದ್ದರ ತೆಗವದು, ಕಾಪಿಯೂ ರಂಬುಟಾನೂ ಹಾಕುದು. ರೋಗದ ನಡುಕೆ ಇನ್ನೂ ಹಸುರು ಇಪ್ಪ ಹನ್ನೊಂದು ಮರ ಇದ್ದು, ಅವರ ಮುಟ್ಟುದು ಬೇಡ. ಹಾಂಗಿಪ್ಪ ಮರಂದಲೇ ತಡವ ಶಕ್ತಿಯ ಸೆಸಿ ಮಾಡ್ಲೆ ವಿಟ್ಲದ ಸಿಪಿಸಿಆರ್‌ಐಲಿ ನೋಡ್ತಾ ಇದ್ದವಲ್ಲದೋ. ಮಕ್ಕೊ ಬಾರದ್ದರೆ? ಅದರ ಎದುರು ಎಂಗೊ ಎಂತದೂ ಬರದ್ದಿಲ್ಲೆ. ಅದು ಅವರ ಲೆಕ್ಕ.

ಈ ವಿಷಯ ಮನೆಯ ಜೆಗುಲಿಲಿ ಕೂದು ಮಾತಾಡ್ಲೆ ಎಡಿಗಾತಿಲ್ಲೆ. ಅಲ್ಲಿ ಕೂದರೆ ಎದುರಿಂಗೆ ತೋಟ ಕಾಣ್ತು. ಬೇರೆಯವರ ಒಣಗಿದ ಮರ, ಬೇರೆಯವರ ಬಿದ್ದ ಸಂಕ ನೋಡಿಗೊಂಡು, ಬದಿಬದಿಲಿ ನಡಕ್ಕೊಂಡು ಹೋಪಗ ಎಡಿಗಾತು. ಅದಕ್ಕೆ ಯುರೋಪಿಂಗೇ ಹೋಯೆಕ್ಕು ಹೇಳಿ ಇಲ್ಲೆ. ಆದರೆ ಮೂರು ದಿನ ಸಾಲ, ಇಬ್ರೇ ಆಯೆಕ್ಕು.

ಕಳುದ ಮಳೆಗಾಲಲ್ಲಿ ಮೇಗೆ 600 ಕಾಪಿ ಸೆಸಿ ಹಾಕಿದ್ದು. 40 ಹೋತು, ಒಳುದ್ದು ಚಿಗುರಿದ್ದು. ಇವು ಈಗ ಉದಿಯಪ್ಪಗ ನೇರ್ಪಕ್ಕೆ ಮೇಗಾಣ ದಾರಿಲೇ ಹೋವುತ್ತವು. ಆ ಹನ್ನೊಂದು ಮರಲ್ಲಿ ಒಂದರ ಕೆಳಾಣ ಸೋಗೆ ರಜ್ಜ ಹಳದಿ ಕಾಣ್ತಡ. ಬೇಸಗೆ ಕಳಿಯಲಿ, ನೋಡುವೊ.