ಕಡಲಿನ ವೇಳಾಪಟ್ಟಿ ಹಿಡಿದು ಅಂಡಮಾನಿನಲ್ಲಿ

ವಿಮಾನ ಒಂದು ಬದಿಗೆ ವಾಲುತ್ತದೆ. ಕಿಟಕಿಗೆ ಮೂಗೊತ್ತಿ ಕೂತ ಮಗಳು ಕೆಳಗಿನ ಬಣ್ಣಗಳನ್ನು ಒಂದೊಂದಾಗಿ ಹೇಳತೊಡಗುತ್ತಾಳೆ. ನಡುಗಡಲಿನಲ್ಲಿ ಕಡುನೀಲಿ, ಈಚೆಗೆ ನವಿಲುನೀಲಿ, ದಡದ ಹತ್ತಿರ ಎಳೆಹಸಿರು, ಆಮೇಲೆ ಬಿಳಿ ಮರಳಿನ ಗೆರೆ, ಅದರ ಬೆನ್ನಿಗೇ ಕಾಡು. ನೀರಿನ ಅಂಚಿನವರೆಗೂ ಇಳಿದುಬಂದ, ನೆಲದ ಚೂರೂ ಕಾಣದಷ್ಟು ಒತ್ತಾದ ಕಾಡು. ಬೆಂಗಳೂರು ಬಿಟ್ಟು ಮೂರು ಗಂಟೆಯೊಳಗೆ ಬಂಗಾಳ ಕೊಲ್ಲಿಯನ್ನು ದಾಟಿ ಅಂಡಮಾನ್ ದ್ವೀಪಗಳ ನೆತ್ತಿಯ ಮೇಲಿದ್ದೇವೆ. ನಮ್ಮ ತಂಡದಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಅವರಪ್ಪ ಇದ್ದಾರೆ, ಶಿರಸಿಯಿಂದ ಬಂದ ಅತ್ತೆ ಇದ್ದಾರೆ. ಅವರ ಕೈಚೀಲದಲ್ಲಿ ಪಂಚಾಂಗ ಇದೆ. ಈ ಪ್ರವಾಸದಲ್ಲಿ ಅದರ ಪಾತ್ರ ಸಣ್ಣದಲ್ಲ.

ಕ್ರಿಸ್‌ಮಸ್ ರಜೆಗೆ ದ್ವೀಪಕ್ಕೆ ಹೋಗುವುದೆಂದು ಗೊತ್ತಾದ ದಿನದಿಂದ ಮನೆಯಲ್ಲಿ ನಕ್ಷೆಗಳದ್ದೇ ರಾಜ್ಯಭಾರ. ಬಂದ ಪ್ಯಾಕೇಜುಗಳಲ್ಲೆಲ್ಲ ಬೆಳಿಗ್ಗೆ ಒಂದು ದ್ವೀಪ, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮತ್ತೊಂದು. ಆ ಪಟ್ಟಿಯನ್ನು ನಾವು ಕತ್ತರಿಸುತ್ತ ಬಂದೆವು. ಬಾರಾಟಾಂಗಿನ ಸುಣ್ಣದಕಲ್ಲಿನ ಗುಹೆಗಳಿಗೆ ಹೋಗುವ ಹೆದ್ದಾರಿ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ನಡುವೆ ಹಾಯುತ್ತದೆ. ಅವರ ಅಂಗಳದಲ್ಲಿ ನಮ್ಮ ವಾಹನ ಓಡಬೇಕಿಲ್ಲವೆಂದು ಅದನ್ನು ಬಿಟ್ಟೆವು. ಉಳಿದದ್ದು ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್. ಇವಿಷ್ಟನ್ನೂ ಸೂರ್ಯ ಮತ್ತು ಉಬ್ಬರವಿಳಿತದ ಹೊತ್ತಿಗೆ ಹೊಂದಿಸಿಕೊಂಡೆವು. ಇಲ್ಲಿ ನಮ್ಮದೇ ಗಡಿಯಾರ ಓಡಿದರೂ ದ್ವೀಪಗಳು ತೀರಾ ಪೂರ್ವಕ್ಕಿವೆ. ಡಿಸೆಂಬರಿನಲ್ಲಿ ಬೆಳಗಿನ ಐದೂವರೆಗೆ ಬಿಸಿಲು ಮೂಡಿದರೆ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ಬೇಗ ಏಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ.

2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಎಂಬ ಹೆಸರು ಬಂದಿದೆ, ಆಟೋದವರ ಬಾಯಲ್ಲಿ ಎರಡೂ ಹೆಸರು ಓಡಾಡುತ್ತವೆ. ಏರಿಳಿತದ ಬೀದಿಗಳು, ತಗಡಿನ ಮಾಡಿನ ಮನೆಗಳು, ಪ್ರತಿ ತಿರುವಿನಲ್ಲೂ ಇಣುಕುವ ಕಡಲು. ಅಂಗಡಿಯಲ್ಲಿ ಬಂಗಾಳಿ, ಪಕ್ಕದಲ್ಲಿ ತಮಿಳು, ಬಸ್ ನಿಲ್ದಾಣದಲ್ಲಿ ತೆಲುಗು, ಎಲ್ಲರ ನಡುವೆ ಓಡಾಡುವ ಸಲೀಸಾದ ಹಿಂದಿ.

ಇಲ್ಲಿಗೆ ಬಂದವರು ಮೊದಲು ಸೆಲ್ಯುಲರ್ ಜೈಲಿಗೆ ಹೋಗಬೇಕು, ಮಕ್ಕಳನ್ನು ಕರೆದುಕೊಂಡೇ ಹೋಗಬೇಕು. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ ಇದು. ನಡುವೆ ಗೋಪುರ, ಅದರಿಂದ ಏಳು ದಿಕ್ಕಿಗೆ ಚಾಚಿದ ಮೂರಂತಸ್ತಿನ ಏಳು ಸಾಲು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಖ ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ, ಒಬ್ಬ ಕೈದಿಯ ಕಣ್ಣು ಇನ್ನೊಬ್ಬನನ್ನು ಕಾಣಬಾರದು. ಸುಮಾರು ನಾಲ್ಕೂವರೆ ಮೀಟರ್ ಉದ್ದ, ಮೂರು ಮೀಟರಿಗೂ ಕಡಿಮೆ ಅಗಲದ ಕೋಣೆಯೊಳಗೆ ಮಗ ಹೋಗಿ ನಿಲ್ಲುತ್ತಾನೆ. ಬೆಳಕು ಬರುವುದು ಎತ್ತರದ ಒಂದು ಗವಾಕ್ಷಿಯಿಂದ. ಕಬ್ಬಿಣದ ಬಾಗಿಲಿನ ಚಿಲಕ ಬಾಗಿಲಲ್ಲಿಲ್ಲ, ಹೊರಗಿನ ಗೋಡೆಯಲ್ಲಿ ಕೊರೆದ ಗೂಡಿನೊಳಗಿದೆ. ಅವನು ಸರಳುಗಳ ನಡುವೆ ತೋಳು ತೂರಿಸುತ್ತಾನೆ, ಭುಜವನ್ನು ಒತ್ತುತ್ತಾನೆ, ಬೆರಳು ಚಾಚುತ್ತಾನೆ. ಎಟುಕುವುದಿಲ್ಲ. "ದೊಡ್ಡವರಿಗೂ ಎಟುಕೋದಿಲ್ವಾ ಅಮ್ಮಾ?" ಎಂದು ಕೇಳುತ್ತಾನೆ. ಅವರಪ್ಪ ಒಳಗೆ ಹೋಗಿ ತೋಳು ಚಾಚುತ್ತಾರೆ, ಅವರಿಗೂ ಎಟುಕುವುದಿಲ್ಲ. ಕರಿನೀರಿನ ಶಿಕ್ಷೆ ಎಂದರೇನೆಂಬುದು ಆ ಗೂಡಿನ ಮುಂದೆ ಮಕ್ಕಳಿಗೆ ಅರ್ಥವಾಗುತ್ತದೆ.

ಅಂಗಳದಲ್ಲಿ ಎಣ್ಣೆ ಗಾಣವಿದೆ. ದಿನಕ್ಕೆ 30 ಪೌಂಡ್, ಅಂದರೆ ಹದಿಮೂರು ಕಿಲೋಗೂ ಮೀರಿ ಕೊಬ್ಬರಿ ಎಣ್ಣೆಯನ್ನು ಕೈದಿ ತಾನೇ ಎತ್ತಿನ ಜಾಗದಲ್ಲಿ ನಿಂತು ತೆಗೆಯಬೇಕಿತ್ತು. ಅತ್ತೆ ಗಾಣದ ದಂಡವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. 1933ರ ಉಪವಾಸ ಸತ್ಯಾಗ್ರಹದಲ್ಲಿ ಇಲ್ಲಿ ಪ್ರಾಣ ಬಿಟ್ಟ ಮಹಾವೀರ ಸಿಂಗ್, ಮೋಹನ್ ಕಿಶೋರ್ ನಾಮದಾಸ್ ಮತ್ತು ಮೋಹಿತ್ ಮೊಯಿತ್ರರ ಹೆಸರುಗಳನ್ನು ಮಕ್ಕಳು ಒಟ್ಟಿಗೆ, ನಿಧಾನವಾಗಿ ಹೇಳುತ್ತಾರೆ.

ಮರುದಿನ ಅಬರ್ಡೀನ್ ಜೆಟ್ಟಿಯಿಂದ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿಗೇ ರಾಸ್ ದ್ವೀಪ. ಈಗ ಇದು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರು ಇಲ್ಲಿ ಕೂತು ಅಂಡಮಾನನ್ನು ಆಳಿದರು. ಚರ್ಚು, ಬೇಕರಿ, ಅಧಿಕಾರಿಗಳ ಬಂಗಲೆ ಎಲ್ಲವೂ ಇದ್ದ ಊರು, 1941ರ ಭೂಕಂಪಕ್ಕೆ ನಡುಗಿತು. ಮುಂದಿನ ವರ್ಷ ಜಪಾನಿ ಸೈನ್ಯ ಬಂತು. ಈಗ ಅಧಿಕಾರ ಬೇರುಗಳದ್ದು. ಆಲದ ಜಾತಿಯ ಮರಗಳು ಗೋಡೆಯ ನೆತ್ತಿಯಲ್ಲಿ ಮೊಳೆತು, ಕಿಟಕಿಗಳ ಒಳಗೆ ಇಳಿದು, ಇಟ್ಟಿಗೆಗಳನ್ನು ಅಪ್ಪಿ ಹಿಡಿದಿವೆ. ಮಾಡು ಬಿದ್ದುಹೋಗಿದೆ, ಬೇರು ಹಿಡಿದ ಗೋಡೆ ಮಾತ್ರ ನಿಂತಿದೆ. ಚುಕ್ಕೆ ಜಿಂಕೆಗಳು ಅಂಜಿಕೆಯಿಲ್ಲದೆ ಬಂದು ಮಗಳ ಅಂಗೈ ಮೂಸುತ್ತವೆ. ನವಿಲಿನ ಕೇಕೆ ತೆಂಗಿನ ತೋಪನ್ನು ಸೀಳುತ್ತದೆ. ನೇತಾಜಿ 1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಆ ದಿನದ 75ನೇ ವರ್ಷಕ್ಕೆ, 2018ರಲ್ಲಿ, ಈ ದ್ವೀಪಕ್ಕೆ ಅವರ ಹೆಸರಿಟ್ಟರು. ಹ್ಯಾವ್ಲಾಕ್ ಸ್ವರಾಜ್ ದ್ವೀಪವಾದದ್ದು, ನೀಲ್ ಶಹೀದ್ ದ್ವೀಪವಾದದ್ದು ಅದೇ ದಿನ.

ಸ್ವರಾಜ್ ದ್ವೀಪಕ್ಕೆ ಹಡಗು ಹೊರಡುತ್ತದೆ. ಗಾಜಿನಾಚೆ ಹಾರುಮೀನುಗಳು ಬೆಳ್ಳಿಯ ಕಿಡಿಗಳಂತೆ ಚಿಮ್ಮಿ ಮತ್ತೆ ನೀರು ಸೇರುತ್ತವೆ. ಜೆಟ್ಟಿಯಲ್ಲಿ ಇಳಿದರೆ ಅತ್ತೆಯ ಕಣ್ಣು ಕಡಲಿನ ಕಡೆಗಲ್ಲ, ರಸ್ತೆಯಾಚೆಗೆ. "ಇದೆಂಥದು, ಅಡಿಕೆ ತೋಟ!" ನಿಜವೇ. ಅಡಿಕೆ, ತೆಂಗು, ಬಾಳೆ, ನಡುವೆ ಹೆಂಚಿನ ಬಣ್ಣದ ಮಣ್ಣು. ಮೂಗಿಗೆ ಉಪ್ಪುಗಾಳಿ ತಾಗದಿದ್ದರೆ ಶಿರಸಿಯ ಕಡೆ ಬಂದೆವೇನೋ ಅನ್ನಬೇಕು. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಇಲ್ಲಿ ಕಾಡು ಕಡಿಸಿ ಜಮೀನು ಕೊಟ್ಟಿತು. ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂದು ಅವರು ಕಟ್ಟಿದ ಊರುಗಳ ಹೆಸರಿನಲ್ಲೇ ಬೃಂದಾವನವಿದೆ. ನಾವು ಉಳಿದುಕೊಂಡ ಮನೆಯ ಅಜ್ಜಿ ಅಂಗಳದಲ್ಲಿ ಹಣ್ಣಡಿಕೆ ಹರವುತ್ತಿದ್ದಾರೆ. ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ತಾವೂ ಕೈಹಚ್ಚುತ್ತಾರೆ. ಒಬ್ಬರದು ಬಂಗಾಳಿ, ಒಬ್ಬರದು ಹವ್ಯಕ ಕನ್ನಡ, ನಡುವೆ ಮಗಳ ಶಾಲೆಯ ಹಿಂದಿ. ಎಷ್ಟು ದಿನದ ಬಿಸಿಲು ಬೇಕು, ಮಳೆ ಬಂದರೆ ಏನು ಮಾಡುತ್ತೀರಿ ಎಂಬ ಮಾತುಕತೆ ಊಟದ ಹೊತ್ತಿನವರೆಗೂ ನಡೆಯುತ್ತದೆ.

ಸಂಜೆ ರಾಧಾನಗರದ ಕಿನಾರೆ. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದಲ್ಲೇ ಅತ್ಯುತ್ತಮ ಎಂದಿತ್ತು. ದೈತ್ಯ ಮರಗಳ ನೆರಳು ದಾಟುತ್ತಿದ್ದಂತೆ ಕಣ್ಣು ಕುಕ್ಕುವ ಬಿಳುಪು. ಕಾಲಿಟ್ಟಲ್ಲೆಲ್ಲ ಹಿಟ್ಟಿನಷ್ಟು ನುಣ್ಣನೆಯ ಮರಳು. ಅಲೆ ಉದ್ದಕ್ಕೆ ಬಂದು, ಹಸಿರು ಗಾಜಾಗಿ ನಿಂತು, ಹಾಲಾಗಿ ಒಡೆಯುತ್ತದೆ. ಜೀವರಕ್ಷಕರು ಬಾವುಟ ನೆಟ್ಟ ಜಾಗದೊಳಗೆ ಮಕ್ಕಳು ಕುಣಿಯುತ್ತಾರೆ. ಈ ದ್ವೀಪಗಳ ತೊರೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಲ್ಲಿ ಇಳಿಯಬೇಕು, ಎಲ್ಲಿ ಬೇಡ ಎಂಬುದನ್ನು ಊರವರನ್ನು ಕೇಳಿಯೇ ತೀರ್ಮಾನಿಸಬೇಕು.

ಬೆಳಿಗ್ಗೆ ಎಲಿಫೆಂಟ್ ಬೀಚಿಗೆ ಡುಂಗಿ ಹೊರಡುತ್ತದೆ, ಇಲ್ಲಿ ಮೋಟಾರು ದೋಣಿಗೆ ಹಾಗೆನ್ನುತ್ತಾರೆ. ದಡದಲ್ಲಿ ಸುನಾಮಿಗೆ ಉರುಳಿದ ಮರಗಳು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ ಮಲಗಿವೆ. ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ, ಟ್ಯೂಬ್ ಹಿಡಿಸಿ, ಮುಖಕ್ಕೆ ಗಾಜು ಕಟ್ಟಿದ ದೋಣಿಯ ದಾದಾ ಹೇಳುವುದು ಒಂದೇ ಮಾತು: "ಪಾಂವ್ ನೀಚೆ ಮತ್ ರಖನಾ," ಕಾಲು ಕೆಳಗಿಡಬೇಡಿ. ಕೆಳಗಿರುವುದು ಕಲ್ಲಲ್ಲ, ಜೀವ. ಹವಳವೆಂದರೆ ಸಾವಿರಾರು ಪುಟ್ಟ ಪ್ರಾಣಿಗಳು ಕಟ್ಟಿಕೊಂಡ ಸುಣ್ಣದ ಮನೆ, ಒಂದು ಪಾದ ಬಿದ್ದರೆ ಎಷ್ಟೋ ವರ್ಷದ ಬೆಳೆ ಮುರಿಯುತ್ತದೆ.

ಮುಖ ನೀರಿಗಿಳಿಸುತ್ತೇನೆ. ಹೊರಗಿನ ಸದ್ದೆಲ್ಲ ಕಡಿದು, ಕಿವಿಯ ತುಂಬ ಕರಕರ ಅಗಿಯುವ ಸಪ್ಪಳ. ಹಸಿರು, ನೀಲಿ, ಗುಲಾಬಿ ಬಳಿದುಕೊಂಡ ಗಿಳಿಮೀನೊಂದು ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಕೆರೆಯುತ್ತಿದೆ. ಅದಕ್ಕೆ ಬೇಕಾದದ್ದು ಅಂಟಿದ ಪಾಚಿ. ಜೊತೆಗೆ ಬಂದ ಸುಣ್ಣ ಅದರ ಹೊಟ್ಟೆಯಲ್ಲಿ ನುಣ್ಣಗೆ ಅರೆದು, ಬಾಲದ ಬಳಿಯಿಂದ ಬಿಳಿ ಮೋಡವಾಗಿ ಉದುರುತ್ತದೆ. ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳನ್ನು ಹೀಗೆ ಮಾಡಬಲ್ಲದು. ಮೇಲೆ ಬಂದ ಮಗ ಟ್ಯೂಬ್ ಕಿತ್ತು ಕೂಗುತ್ತಾನೆ, "ಅಮ್ಮಾ, ನಿನ್ನೆ ನಾವು ಮರಳಿನ ಮನೆ ಕಟ್ಟಿದ್ದು ಮೀನಿನ ಕಕ್ಕದಲ್ಲಿ!" ಬಿಳಿ ಕಿನಾರೆಯ ಹುಟ್ಟು ಹೇಗೆಂಬ ಪಾಠ ಅವನಿಗೆ ಇನ್ನು ಮರೆಯುವಂತಿಲ್ಲ. ಆದರೆ ಎಲ್ಲ ಹವಳಕ್ಕೂ ಬಣ್ಣವಿಲ್ಲ. 2010 ಮತ್ತು 2016ರಲ್ಲಿ ನೀರು ಬಿಸಿಯಾಗಿ ಇಲ್ಲಿನ ಹವಳ ಬಿಳಿಚಿಕೊಂಡಿತ್ತು. ಬೂದು ಕೊಂಬೆಗಳ ನಡುವೆ ಚಿಗುರಿದ ಕಂದು, ನೇರಳೆ ತುದಿಗಳನ್ನು ದಾದಾ ಬೆರಳು ಮಾಡಿ ತೋರಿಸುತ್ತಾನೆ.

ಅಮಾವಾಸ್ಯೆ ಹತ್ತಿರವಿರುವ ದಿನಗಳನ್ನು ಅತ್ತೆಯ ಪಂಚಾಂಗ ನೋಡಿಯೇ ಆರಿಸಿದ್ದು. ರಾತ್ರಿ ದೀಪಗಳಿಂದ ದೂರ, ಕಾಂಡ್ಲಾ ಗಿಡಗಳ ಬಳಿಯ ನಿಂತ ನೀರಿಗೆ ಮಗಳು ಕೈ ಅದ್ದುತ್ತಾಳೆ. ಬೆರಳುಗಳ ಸುತ್ತ ನೀಲಿ ಬೆಳಕು ಹೊತ್ತಿ ಹರಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಕದಡಿದಾಗ ಮಿನುಗುತ್ತವೆ, ಬೆಳದಿಂಗಳಿದ್ದರೆ ಈ ಮಿನುಗು ಕಣ್ಣಿಗೆ ಹತ್ತುವುದಿಲ್ಲ. ಅವಳು ಮತ್ತೆ ಮತ್ತೆ ನೀರಿನಲ್ಲಿ ತನ್ನ ಹೆಸರು ಬರೆಯುತ್ತಾಳೆ.

ಮುಂದಿನ ನಿಲ್ದಾಣ ಶಹೀದ್ ದ್ವೀಪ. ಪುಟ್ಟದು, ಭತ್ತದ ಗದ್ದೆ, ತರಕಾರಿ ತೋಟಗಳ ನಡುವೆ ಆಟೋದಲ್ಲಿ ಸುತ್ತಿ ಮುಗಿಸಬಹುದು. ಕಿನಾರೆಗಳ ಹೆಸರು ಭರತಪುರ, ಲಕ್ಷ್ಮಣಪುರ, ಸೀತಾಪುರ. ಲಕ್ಷ್ಮಣಪುರದಲ್ಲಿ ಕಡಲು ಕೊರೆದ ಕಲ್ಲಿನ ಸೇತುವೆಯಿದೆ. ಅಲ್ಲಿಗೆ ನಡೆದುಹೋಗಲು ಇಳಿತವೇ ಬೇಕು, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಮಧ್ಯಾಹ್ನ ನಾವು ಹೋದಾಗ ಕಡಲು ತನ್ನ ನೆಲವನ್ನೇ ಬಿಚ್ಚಿಟ್ಟಿದೆ. ಕಲ್ಲಿನ ಕುಳಿಗಳಲ್ಲಿ ಕನ್ನಡಿಯಂಥ ನೀರು, ಒಳಗೆ ಕಪ್ಪು ಕಡಲಸೌತೆ, ಅಂಚಿನಲ್ಲಿ ನೀಲಿ ತುಟಿ ಬಿರಿದ ದೊಡ್ಡ ಕಪ್ಪೆಚಿಪ್ಪು. ಮೇಲೆ ನೆರಳು ಬಿದ್ದರೆ ಸಾಕು, ಅದು ಬಾಯಿ ಮುಚ್ಚುತ್ತದೆ. ರಬ್ಬರ್ ಚಪ್ಪಲಿ ತೊಟ್ಟ ಮಕ್ಕಳು ಒಂದೊಂದು ಕುಳಿಯ ಮುಂದೆಯೂ ಮಂಡಿಯೂರುತ್ತಾರೆ. ಅವಸರ ಮಾಡುವವರು ಯಾರೂ ಇಲ್ಲ. ನೀರು ಮರಳಿ ಬರುವವರೆಗೂ ಹೊತ್ತಿದೆ.

ಕಿನಾರೆಗೆ ಬಂದ ಮಗಳು ಅಂದದ ಶಂಖವೊಂದನ್ನು ಎತ್ತಿಕೊಳ್ಳುತ್ತಾಳೆ. ಅದರೊಳಗಿಂದ ಕೆಂಪು ಕಾಲುಗಳು ಹೊರಬಂದು ಅವಳ ಅಂಗೈಯನ್ನು ಗೀರುತ್ತವೆ. ಸನ್ಯಾಸಿ ಏಡಿ. ಮೆತ್ತನೆಯ ಹೊಟ್ಟೆಯ ಆ ಜೀವಕ್ಕೆ ಖಾಲಿ ಶಂಖವೇ ಮನೆ, ಬೆಳೆದಂತೆಲ್ಲ ಇನ್ನೂ ದೊಡ್ಡ ಶಂಖ ಹುಡುಕಬೇಕು. ಅವಳು ಅದನ್ನು ಮರಳಿಗಿಳಿಸುತ್ತಾಳೆ, ಆಮೇಲೆ ಜೇಬಿನಲ್ಲಿದ್ದ ಖಾಲಿ ಶಂಖಗಳನ್ನೂ ಹೊರತೆಗೆದು ಸಾಲಾಗಿ ಇಡುತ್ತಾಳೆ. "ಯಾರಿಗಾದ್ರೂ ಬೇಕಾಗತ್ತೆ ಅಜ್ಜಿ," ಎನ್ನುತ್ತಾಳೆ.

ಮಕ್ಕಳೊಂದಿಗೆ ದ್ವೀಪಕ್ಕೆ ಹೊರಡುವವರಿಗೆ ನನ್ನ ಮಾತು ಇಷ್ಟು. ಕಡಲು ಶಾಂತವಾಗಿರುವ ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲ ಆರಿಸಿ. ಗಾಳಿ ಎದ್ದರೆ ಹಡಗು ನಿಲ್ಲಬಹುದು, ಹಾಗಾಗಿ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್ ಸೇರಿರಿ. ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಬ್ಬರವಿಳಿತದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಪ್ರತಿದಿನ ಒಂದು ಹೊತ್ತನ್ನು ಪೂರ್ತಿ ಮಕ್ಕಳ ಕೈಗೆ ಬಿಡಿ. ಹವಳದ ಚೂರನ್ನೂ ಶಂಖವನ್ನೂ ಅಲ್ಲೇ ಬಿಟ್ಟು ಬನ್ನಿ. ಹವಳ ಒಯ್ಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ, ಖಾಲಿ ಶಂಖಕ್ಕೋ ಅಲ್ಲಿ ಕಾಯುತ್ತಿರುವ ಒಡೆಯರಿದ್ದಾರೆ. ಇಷ್ಟು ಮಾಡಿದರೆ ಉಳಿದದ್ದನ್ನೆಲ್ಲ ಕಡಲು ತಾನೇ ನಡೆಸಿಕೊಡುತ್ತದೆ.