ಸರ್ಕಾರವನ್ನು ಪ್ರೀತಿಸಲೇಬೇಕಾ?

ಖಡಕಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಊರಿಂದ ಬಂದವರೆಲ್ಲ ಶನಿವಾರವಾಡ, ಸಿಂಹಗಡ ತೋರಿಸು ಅಂತಾರೆ. ನಾನು ಮಾತ್ರ ಮೊದಲು ಪಕ್ಕದ ಗಣೇಶಖಿಂಡ ರಸ್ತೆ ತೋರಿಸುತ್ತೇನೆ. 1897ರ ಜೂನ್ 22ರ ರಾತ್ರಿ, ಗವರ್ನರ್ ಬಂಗಲೆಯಲ್ಲಿ (ಈಗ ಅದೇ ಪುಣೆ ವಿಶ್ವವಿದ್ಯಾಲಯ) ರಾಣಿಯ ವಜ್ರಮಹೋತ್ಸವ ಮುಗಿಸಿ ಬರುತ್ತಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಬಿದ್ದದ್ದು ಈ ರಸ್ತೆಯಲ್ಲೇ. ಹೊಡೆದವರು ಚಾಪೇಕರ ಸಹೋದರರು. ಆದರೆ ಅವರಿಗಿಂತ ಮೊದಲು ಕೋರ್ಟು ಹತ್ತಿದವರು ತಿಲಕರು! ಅವರ ಮೇಲಿದ್ದದ್ದು ಕೊಲೆಯ ಆರೋಪವಲ್ಲ, 'ಕೇಸರಿ'ಯಲ್ಲಿ ಶಿವಾಜಿ ಉತ್ಸವದ ಬಗ್ಗೆ ಬಂದ ಬರಹಗಳಿಗಾಗಿ ರಾಜದ್ರೋಹದ ಆರೋಪ.

ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿ ಒಂದು ವಿಚಿತ್ರ ಅರ್ಥ ಹೇಳಿದರು. ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ಅಪ್ರೀತಿಯಂತೆ. ಜ್ಯೂರಿಯ ಆರು ಜನ ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಶಿಕ್ಷೆ ಹದಿನೆಂಟು ತಿಂಗಳು.

ಇದನ್ನು ಓದಿದಾಗಲೆಲ್ಲ ನನಗೆ ರೋಮ್ ನೆನಪಾಗುತ್ತದೆ. ಕ್ರಿ.ಶ. 25ರಲ್ಲಿ, ಟೈಬೀರಿಯಸ್ ಚಕ್ರವರ್ತಿಯ ಕಾಲದಲ್ಲಿ, ಕ್ರೆಮೂಶಿಯಸ್ ಕಾರ್ಡಸ್ ಎಂಬ ಇತಿಹಾಸಕಾರನ ಮೇಲೆ ದ್ರೋಹದ ಕೇಸು ಹಾಕಿದರು. ತಪ್ಪೇನು? ತನ್ನ ಪುಸ್ತಕದಲ್ಲಿ ಸೀಜರನನ್ನು ಕೊಂದ ಬ್ರೂಟಸ್‌ನನ್ನು ಹೊಗಳಿದ್ದು, ಕ್ಯಾಶಿಯಸ್‌ನನ್ನು 'ಕೊನೆಯ ರೋಮನ್' ಎಂದದ್ದು. ಅವರಿಬ್ಬರೂ ಸತ್ತು ಆಗಲೇ ಅರವತ್ತು ವರ್ಷ ದಾಟಿತ್ತು! ದೂರು ಕೊಟ್ಟವರು ಚಕ್ರವರ್ತಿಯ ಬಲಗೈ ಸೆಜಾನಸ್‌ನ ಆಶ್ರಿತರು. ಕಾರ್ಡಸ್ ಸೆನೆಟ್ಟಿನಲ್ಲಿ ತನ್ನ ಮಾತು ಹೇಳಿ, ಮನೆಗೆ ಹೋಗಿ ಉಪವಾಸ ಬಿದ್ದು ಪ್ರಾಣ ಬಿಟ್ಟ. ಪುಸ್ತಕ ಸುಡಿಸಿದರು. ಆದರೆ ಬಚ್ಚಿಟ್ಟ ಪ್ರತಿಗಳು ಮುಂದೆ ಹೊರಬಂದವು.

ನಮ್ಮ ಕನ್ನಡ ನಾಡಿಗೂ ಈ ಕಥೆಯಲ್ಲಿ ಪಾಲುಂಟು. 1916ರ ಮೇ 1ರಂದು ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯದ ಭಾಷಣ ಮಾಡಿದರು. ಅದಕ್ಕೂ, ಅಹಮದನಗರದ ಎರಡು ಭಾಷಣಗಳಿಗೂ ಸೇರಿಸಿ ಪುಣೆಯ ಮ್ಯಾಜಿಸ್ಟ್ರೇಟರು ಸನ್ನಡತೆಗಾಗಿ ಇಪ್ಪತ್ತು ಸಾವಿರ ರೂಪಾಯಿ ಮುಚ್ಚಳಿಕೆ, ಮೇಲೆ ಜಾಮೀನು ಕೇಳಿದರು. ತಿಲಕರ ಪರ ವಾದಿಸಿದವರು ಜಿನ್ನಾ. ಭಾಷಣವನ್ನು ಇಡಿಯಾಗಿ ಓದಬೇಕು, ನಾಲ್ಕು ಸಾಲು ಹೆಕ್ಕಿ ಅಲ್ಲ ಎಂದು ನೋಡಿದ ಹೈಕೋರ್ಟು ನವೆಂಬರಿನಲ್ಲಿ ಆ ಆಜ್ಞೆ ರದ್ದು ಮಾಡಿತು. ಅದೇ ಕಾನೂನು, ಅದೇ ಕೋರ್ಟು, ಓದಿದ ರೀತಿ ಮಾತ್ರ ಬೇರೆ.

1870ರಲ್ಲಿ ಬಂದ ಆ 124ಎ ಕಲಮಿನ ಬಳಕೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಯಿತು. ಹೊಸ ಸಂಹಿತೆಯ 152ನೇ ಕಲಮಿನಲ್ಲಿ ರಾಜದ್ರೋಹ ಎಂಬ ಪದವಿಲ್ಲ, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ಎಂಬ ಮಾತಿದೆ. ಪದ ಬದಲಾದರೆ ಸಾಲದು, ಓದುವವರ ಮನಸ್ಸೂ 1916ರದ್ದಾಗಿರಬೇಕು ಅನ್ನೋದು ನನ್ನ ಅನಿಸಿಕೆ. ತೆರಿಗೆ ಕಟ್ಟು ಅಂದರೆ ಕಟ್ಟಬಹುದು, ಪ್ರೀತಿಸು ಅಂದರೆ ಹೇಗ್ರೀ?

ನೀವೇನಂತೀರಿ?