ಪೈನ್ ಮರಗಳ ನೆರಳಿನ ಮಸಣ

ಸ್ಟಾಕ್‌ಹೋಮಿನ ನಡುವಿನಿಂದ ದಕ್ಷಿಣಕ್ಕೆ ಹೋಗುವ ಮೆಟ್ರೊದ ಹಸಿರು ಮಾರ್ಗದಲ್ಲಿ ಒಂದು ನಿಲ್ದಾಣಕ್ಕೆ ಮಸಣದ್ದೇ ಹೆಸರು: ಸ್ಕೂಗ್‌ಶಿರ್ಕೊಗೋರ್ಡನ್, ಅಂದರೆ ಕಾಡಿನ ಮಸಣ. ಆ ಹೆಸರು ಹೇಳಿದಾಗ ಬೋಗಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ನಮ್ಮಲ್ಲಾಗಿದ್ದರೆ ಹೆಸರು ಬದಲಿಸಿ ಎಂದು ಬಡಾವಣೆಯವರು ಇಷ್ಟು ಹೊತ್ತಿಗೆ ಮನವಿ ಕೊಟ್ಟಿರುತ್ತಿದ್ದರು. ಇಲ್ಲಿ ಇಳಿದವರಲ್ಲಿ ಹೂಗುಚ್ಛ ಹಿಡಿದವರೂ ಇದ್ದರು, ಮಗುವಿನ ಗಾಡಿ ತಳ್ಳಿಕೊಂಡು ಸುಮ್ಮನೆ ಗಾಳಿಗೆಂದು ಬಂದವರೂ ಇದ್ದರು.

ಅರ್ಧವೃತ್ತಾಕಾರದ ಕಲ್ಲಿನ ಗೋಡೆಗಳ ನಡುವೆ ನಡೆದು ಒಳಗೆ ಹೋದರೆ ಎದುರಿಗೆ ಕಟ್ಟಡವೂ ಇಲ್ಲ, ಗೋರಿಯೂ ಇಲ್ಲ. ಬರೀ ಹುಲ್ಲು, ಆಕಾಶ. ಎಡಗಡೆ ದಾರಿಯ ಪಕ್ಕದಲ್ಲಿ ಒಂದು ದೊಡ್ಡ ಗ್ರಾನೈಟ್ ಶಿಲುಬೆ, ಬಲಗಡೆ ದಿಬ್ಬದ ನೆತ್ತಿಯಲ್ಲಿ ಚೌಕಾಕಾರವಾಗಿ ನೆಟ್ಟ ಒಂದಿಷ್ಟು ಮರ. ಒಂದು ಲಕ್ಷದಷ್ಟು ಸಮಾಧಿಗಳಿರುವ ಜಾಗ ಇದೆಂದು ನಂಬುವುದು ಕಷ್ಟ. ಈ ಬಯಲು ಹಿಂದೆ ಗರಸು ತೆಗೆದು ಬಿಟ್ಟ ಹೊಂಡಗಳ ನೆಲ. ಅದರಾಚೆಗೆ ಪೈನ್ ಕಾಡು. ಎರಡೂ ಸೇರಿ 100 ಹೆಕ್ಟೇರಿಗೂ ಹೆಚ್ಚು.

1915ರಲ್ಲಿ ಇದರ ವಿನ್ಯಾಸಕ್ಕಾಗಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದವರು ಗುನ್ನಾರ್ ಆಸ್ಪ್ಲುಂಡ್ ಮತ್ತು ಸಿಗುರ್ಡ್ ಲೆವೆರೆಂಟ್ಸ್. ಇಬ್ಬರೂ 1885ರಲ್ಲಿ ಹುಟ್ಟಿದವರು, ಆಗ ಮೂವತ್ತರ ಆಸುಪಾಸಿನ ಹುಡುಗರು. ಅವರು ಕಾಡನ್ನು ಕಡಿದು ಉದ್ಯಾನ ಮಾಡಲು ಹೋಗಲಿಲ್ಲ. ಪೈನ್ ಮರಗಳನ್ನು ಇದ್ದ ಹಾಗೆಯೇ ಬಿಟ್ಟು ಬುಡಗಳ ನಡುವೆ ಸಮಾಧಿಗಳ ಸಾಲು ಎಳೆದರು. ಕಲ್ಲುಗಳು ಮರಗಳಿಗಿಂತ ಮುಂದಾಗಿ ಕಣ್ಣಿಗೆ ಬೀಳಬಾರದೆಂದು ಅವುಗಳ ಅಳತೆಗೆ ಮಿತಿ ಹಾಕಲಾಯಿತು. ಹಣವಂತನ ಅಮೃತಶಿಲೆಯ ಮಂಟಪಕ್ಕೆ ಇಲ್ಲಿ ಜಾಗವಿಲ್ಲ. ಹಾಲಿವುಡ್‌ನ ಗ್ರೇಟಾ ಗಾರ್ಬೊ 1990ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ 1999ರಲ್ಲಿ ಇಲ್ಲಿಗೆ ಬಂತು. ಅವರಿಗೂ ಸಿಕ್ಕಿದ್ದು ಮರಗಳ ನಡುವೆ ಸಹಿ ಕೆತ್ತಿದ ಒಂದು ಸಾದಾ ಕಲ್ಲು.

ದಿಬ್ಬದ ಮೆಟ್ಟಿಲುಗಳ ಮೇಲೆ ನಾನು ತುಂಬ ಹೊತ್ತು ಕಳೆದೆ. ಲೆವೆರೆಂಟ್ಸ್ ಕೈಯ ಕೆಲಸ ಅದು. ಕೆಳಗಿನ ಮೆಟ್ಟಿಲು ಎತ್ತರ, ಮೇಲೇರಿದಂತೆ ಒಂದೊಂದೂ ಸ್ವಲ್ಪ ಸ್ವಲ್ಪ ತಗ್ಗು. ಹತ್ತುವವರಿಗೆ ಇದು ಗೊತ್ತೇ ಆಗುವುದಿಲ್ಲ, ತುದಿ ಮುಟ್ಟಿದಾಗ ಏದುಸಿರು ಬಂದಿರುವುದಿಲ್ಲ, ಅಷ್ಟೆ. ಅತ್ತು ಬಳಲಿದವರ ಮೊಣಕಾಲನ್ನು ನೆನೆದು ಮೆಟ್ಟಿಲು ಅಳೆದವನ ಬಗ್ಗೆ ನನಗೆ ಹುಟ್ಟಿದ ಗೌರವ ಅಷ್ಟಿಷ್ಟಲ್ಲ.

ಆ ದಿಬ್ಬದಿಂದ ದಕ್ಷಿಣಕ್ಕೆ ಕಾಡನ್ನು ಸೀಳಿಕೊಂಡು 888 ಮೀಟರ್ ಉದ್ದದ ನೇರ ದಾರಿಯಿದೆ, ಏಳು ಬಾವಿಗಳ ದಾರಿ ಎಂದು ಹೆಸರು. ಮೊದಲು ಬಿಳಿ ತೊಗಟೆಯ ಬರ್ಚ್, ಆಮೇಲೆ ಪೈನ್, ಕೊನೆಗೆ ಕಪ್ಪಗೆ ದಟ್ಟವಾದ ಸ್ಪ್ರೂಸ್. ನಡೆದಂತೆ ಬೆಳಕು ತಾನಾಗಿ ಕುಗ್ಗುತ್ತದೆ. ದಾರಿಯ ಕೊನೆಗೆ ಲೆವೆರೆಂಟ್ಸ್ 1925ರಲ್ಲಿ ಕಟ್ಟಿದ ಪುನರುತ್ಥಾನದ ಪ್ರಾರ್ಥನಾ ಮಂದಿರ. ಉತ್ತರದ ಬಾಗಿಲಿಂದ ಒಳಗೆ ಬರಬೇಕು, ಅಂತ್ಯಕ್ರಿಯೆ ಮುಗಿದ ಮೇಲೆ ಪಶ್ಚಿಮದ ಬಾಗಿಲಿಂದ ಹೊರಡಬೇಕು. ಬಂದ ದಾರಿಯಲ್ಲಿ ಹಿಂತಿರುಗುವಂತಿಲ್ಲ. ಸಾವಿನ ಮನೆಯ ರೀತಿರಿವಾಜು ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಪ್ಲುಂಡ್ ಕಟ್ಟಿದ್ದು ಮೊದಲು ಕಾಡಿನೊಳಗಿನ ಪುಟ್ಟ ಮಂದಿರ, 1920ರಲ್ಲಿ. ಕಡಿದಾದ ಚಾವಣಿಗೆ ಮರದ ಹಲಗೆಚೂರುಗಳ ಹೊದಿಕೆ, ಅದರ ಮೇಲೆ ಶಿಲ್ಪಿ ಕಾರ್ಲ್ ಮಿಲ್ಲೆಸ್ ಮಾಡಿದ ಚಿನ್ನದ ಬಣ್ಣದ ಮೃತ್ಯುದೇವತೆ. ದೊಡ್ಡ ಕಟ್ಟಡವೆಂದರೆ 1940ರಲ್ಲಿ ಮುಗಿದ ಚಿತಾಗಾರ ಮತ್ತು ಅದಕ್ಕಂಟಿದ ಮೂರು ಪ್ರಾರ್ಥನಾ ಮಂದಿರಗಳು. ಅವುಗಳಲ್ಲಿ ದೊಡ್ಡದರ ಎದುರು ಗೋಡೆ ಕಬ್ಬಿಣ ಮತ್ತು ಗಾಜಿನದು. ಅದನ್ನು ಇಡಿಯಾಗಿ ನೆಲದೊಳಕ್ಕೆ ಇಳಿಸಬಹುದು. ಆಗ ಒಳಗೆ ಕೂತವರಿಗೂ ಹೊರಗಿನ ಕಂಬಸಾಲಿನ ಮಂಟಪಕ್ಕೂ, ಅದರಾಚೆಯ ಹುಲ್ಲುಬಯಲಿಗೂ ನಡುವೆ ಏನೂ ಉಳಿಯುವುದಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಪ್ಲುಂಡ್ ತೀರಿಕೊಂಡರು. ಅವರ ಸಮಾಧಿಯೂ ಇಲ್ಲೇ ಇದೆ.

ಈ ಕತೆಯಲ್ಲಿ ಒಂದು ಕಹಿಯೂ ಇದೆ. ಚಿತಾಗಾರದ ಕೆಲಸವನ್ನು ಆಸ್ಪ್ಲುಂಡ್ ಒಬ್ಬರಿಗೇ ಕೊಟ್ಟು ಲೆವೆರೆಂಟ್ಸ್ ಅವರನ್ನು ಕೈಬಿಡಲಾಯಿತು. ಮುಂದೆ ಅವರು ಬಹುಕಾಲ ಉಕ್ಕಿನ ಕಿಟಕಿ, ಬಾಗಿಲು ತಯಾರಿಸುತ್ತಾ ಬದುಕಿದರು. 1994ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ತಾಣವಾಗಿ ಸಾರಿದಾಗ ಇಬ್ಬರ ಹೆಸರೂ ಜೊತೆಯಾಗಿ ಬಂದವು.

ಇದನ್ನು ಪರಿಸರಸ್ನೇಹಿ ಎನ್ನಬಹುದೇ? ಮರಗಳನ್ನು ಉಳಿಸಿಕೊಂಡದ್ದಕ್ಕೆ ಹೌದು. ಸುಡುವುದಕ್ಕೆ ಮಾತ್ರ ಲೆಕ್ಕ ಬೇರೆ. ಸ್ವೀಡನ್ನಿನಲ್ಲಿ ಸತ್ತವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿಯ ದಹನ ನಡೆಯುತ್ತದೆ, ಅದಕ್ಕೆ ಇಂಧನ ಬೇಕು, ಹಲ್ಲಿಗೆ ತುಂಬಿದ ಪಾದರಸ ಹೊಗೆಯಾಗಿ ಹೊರಬರುತ್ತದೆ. ಅದನ್ನು ಸೋಸಲು ಶೋಧಕಗಳಿವೆ, ಕೆಲವು ಊರುಗಳಲ್ಲಿ ಚಿತಾಗಾರದ ಶಾಖವನ್ನು ಮನೆ ಬಿಸಿಮಾಡುವ ಕೊಳವೆಜಾಲಕ್ಕೂ ಹರಿಸುತ್ತಾರೆ. ಈ ಮಾತು ಕೇಳಿದ ಕೂಡಲೇ ನನ್ನ ಮೈ ಜುಮ್ಮೆಂದಿತು, ಅಲ್ಲಿಯವರಿಗೆ ಅದು ಸಾದಾ ಸಂಗತಿ.

ನನಗೆ ಹೆಚ್ಚು ಹಿಡಿಸಿದ್ದು ಅವರ ನೆನಪಿನ ತೋಪು. ಅಲ್ಲಿ ಬೂದಿಯನ್ನು ಸಿಬ್ಬಂದಿ ಮಣ್ಣಿಗೆ ಸೇರಿಸುತ್ತಾರೆ. ಬಂಧುಗಳು ಎದುರಿಗಿರುವುದಿಲ್ಲ, ಎಲ್ಲಿ ಎಂದು ಹೇಳುವುದೂ ಇಲ್ಲ, ಹೆಸರಿನ ಫಲಕವಿಲ್ಲ. ಹೂವಿಡಲು, ದೀಪ ಹಚ್ಚಲು ಎಲ್ಲರಿಗೂ ಒಂದೇ ಜಾಗ. ಇಂಥದ್ದು ಬೇಡ ಎನ್ನುವವರಿಗೆ ಮಾಮೂಲಿ ಸಮಾಧಿ ಜಾಗ 25 ವರ್ಷಕ್ಕೆ ಸಿಗುತ್ತದೆ. ಅದರ ಖರ್ಚನ್ನು ಜನ ಬದುಕಿರುವಾಗಲೇ ತೆರಿಗೆಯ ಜೊತೆ ಕಟ್ಟುವ ಅಂತ್ಯಕ್ರಿಯೆ ಶುಲ್ಕ ಭರಿಸುತ್ತದೆ. ಸತ್ತವರ ಮನೆಯವರು ಜಾಗದ ಬಿಲ್ಲಿಗಾಗಿ ಸಾಲ ಮಾಡಬೇಕಾಗಿಲ್ಲ.

ಹಳೆಯ ಚಿತಾಗಾರಕ್ಕೆ ವಯಸ್ಸಾದ್ದರಿಂದ 2013ರ ಹೊತ್ತಿಗೆ ಕಾಡಿನೊಳಗೇ ಹೊಸದೊಂದು ಎದ್ದಿತು. ವಾಸ್ತುಶಿಲ್ಪಿ ಯೂಹಾನ್ ಸೆಲ್ಸಿಂಗ್. ಹೊರಗೆ ಇಟ್ಟಿಗೆ, ಚಾವಣಿಗೂ ಇಟ್ಟಿಗೆ. ಮರಗಳ ನಡುವೆ ತಗ್ಗಿ ಕೂತಿರುವುದರಿಂದ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ದಿನವಿಡೀ ಒಲೆಯ ಬಳಿ ದುಡಿಯುವವರಿಗೂ ಪೈನ್ ಮರ ಕಾಣಲಿ ಎಂದು ಕಿಟಕಿ ಇಟ್ಟಿದ್ದಾರೆ. ಅಳುವವರಿಗೆ ಮೆಟ್ಟಿಲು ಅಳೆದುಕೊಟ್ಟ ಜಾಗದಲ್ಲಿ ಸುಡುವವರ ಲೆಕ್ಕ ತೆಗೆದುಕೊಳ್ಳಲು ಇಷ್ಟು ವರ್ಷ ಬೇಕಾಯಿತು ಎನ್ನುವುದು ನನ್ನದೊಂದು ಸಣ್ಣ ತಕರಾರು.